ತಾಳೆಗರಿಯ ಕಾವಲು: ಸಂಸ್ಥೆಯ ಬದಲಾವಣೆಯೂ ನಾಯಕನ ಧರ್ಮವೂ

ನಮ್ಮ ಬಸದಿಗಳ ಆಡಳಿತ ಸಮಿತಿಗಳಲ್ಲಿ ಕುಳಿತು ಅನುಭವವುಳ್ಳವರಿಗೆ ಎರಡು ಮಾತುಗಳು ಚಿರಪರಿಚಿತವಾಗಿವೆ. ‘ಹಿರಿಯರ ಕಾಲದಿಂದಲೂ ಹೀಗೆಯೇ ನಡೆದುಬಂದಿದೆ’ ಎಂಬುದು ಮೊದಲನೆಯದು. ‘ಕಾಲಕ್ಕೆ ತಕ್ಕಂತೆ ನಾವೂ ಬದಲಾಗಬೇಡವೆ?’ ಎಂಬುದು ಎರಡನೆಯದು. ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಏರಿಸುವ ವಿಚಾರವಿರಲಿ, ಶಿಥಿಲವಾದ ಮಂಟಪದ ಜೀರ್ಣೋದ್ಧಾರವಿರಲಿ, ಸಮಿತಿಗೆ ಮಹಿಳೆಯರನ್ನೂ ತರುಣರನ್ನೂ ಸೇರಿಸಿಕೊಳ್ಳುವ ಪ್ರಶ್ನೆಯಿರಲಿ, ಚರ್ಚೆಯು ಕಡೆಗೆ ಈ ಎರಡು ಮಾತುಗಳ ನಡುವಣ ಹಗ್ಗಜಗ್ಗಾಟವಾಗಿ ಪರಿಣಮಿಸುತ್ತದೆ. ಹಿರಿಯರು ಮೊದಲನೆಯ ಮಾತನ್ನೂ ಕಿರಿಯರು ಎರಡನೆಯ ಮಾತನ್ನೂ ಹಿಡಿದು ನಿಲ್ಲುತ್ತಾರೆ. ಅಧ್ಯಕ್ಷರು ವಿಷಯವನ್ನು ಮುಂದಿನ ಸಭೆಗೆ ಮುಂದೂಡುತ್ತಾರೆ. ಹೀಗೆ ಮುಂದೂಡುವುದನ್ನೇ ನಾವು ಎಷ್ಟೋ ವೇಳೆ ಸಮಾಧಾನವೆಂದು, ಕೆಲವೊಮ್ಮೆ ಅನೇಕಾಂತವೆಂದೂ ಭ್ರಮಿಸುತ್ತೇವೆ.

ಒಂದು ಸಂಸ್ಥೆ ಬದಲಾಗಬೇಕಾದ ಸಂದರ್ಭದಲ್ಲಿ ಅದರ ಹೊಣೆ ಹೊತ್ತವನ ಧರ್ಮವೇನು? ಆಡಳಿತ ವಿಜ್ಞಾನದ ಗ್ರಂಥಗಳು ಈ ಪ್ರಶ್ನೆಗೆ ಬಗೆಬಗೆಯ ಉತ್ತರಗಳನ್ನು ನೀಡುತ್ತವೆ. ಅವುಗಳನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ನಮ್ಮದೇ ಸಮಾಜದ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ತೀವ್ರವಾಗಿ ಎದುರಿಸಿದ ಒಂದು ಪ್ರಸಂಗವಿದೆ. ಅದು ನಡೆದದ್ದು ನಮ್ಮ ನಾಡಿನ ಮೂಡಬಿದಿರೆಯಲ್ಲಿ. ಅದನ್ನು ನೆನೆಯುವ ಮೊದಲು, ಬದಲಾವಣೆಯ ಬಗ್ಗೆ ನಮ್ಮ ದರ್ಶನವೇ ಏನು ಹೇಳುತ್ತದೆಂಬುದನ್ನು ಸಂಕ್ಷೇಪವಾಗಿ ಗಮನಿಸೋಣ.

ಕಲಶ, ಕಿರೀಟ ಮತ್ತು ಚಿನ್ನ

ಬದಲಾವಣೆ ಎಂಬುದು ಜೈನ ದರ್ಶನಕ್ಕೆ ಹೊರಗಿನಿಂದ ಬಂದ ತೊಡಕಲ್ಲ. ಸತ್ತಿನ ಲಕ್ಷಣವೇ ಉತ್ಪಾದ, ವ್ಯಯ, ಧ್ರೌವ್ಯಗಳೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ನಿರೂಪಿಸುತ್ತದೆ. ಹುಟ್ಟುವುದು, ಅಳಿಯುವುದು, ಉಳಿಯುವುದು ಈ ಮೂರೂ ಏಕಕಾಲದಲ್ಲಿ ಇರುವುದೇ ವಸ್ತುವಿನ ಸ್ವಭಾವ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಇದಕ್ಕೊಂದು ಸುಂದರ ದೃಷ್ಟಾಂತವನ್ನು ನೀಡಿದ್ದಾರೆ. ಚಿನ್ನದ ಕಲಶವನ್ನು ಕರಗಿಸಿ ಕಿರೀಟವನ್ನು ಮಾಡಿದರೆ, ಕಲಶವನ್ನು ಬಯಸಿದವನು ದುಃಖಪಡುತ್ತಾನೆ. ಕಿರೀಟವನ್ನು ಬಯಸಿದವನು ಸಂತೋಷಪಡುತ್ತಾನೆ. ಚಿನ್ನವನ್ನಷ್ಟೇ ಬಯಸಿದವನು ಮಧ್ಯಸ್ಥನಾಗಿರುತ್ತಾನೆ. ಒಂದೇ ಘಟನೆ ಮೂವರಲ್ಲಿ ಮೂರು ಭಾವಗಳನ್ನು ಹುಟ್ಟಿಸುವುದಕ್ಕೆ ಕಾರಣವಿದೆ. ಆ ಒಂದು ವಸ್ತುವಿನಲ್ಲೇ ಮೂರೂ ಇವೆ.

ನಮ್ಮ ಸಭೆಗಳಲ್ಲಿ ಕುಳಿತಿರುವವರೂ ಈ ಮೂವರೇ. ಕಲಶಕ್ಕಾಗಿ ದುಃಖಿಸುವವನನ್ನು ನಾವು ಹಳಬನೆಂದು ಹಾಸ್ಯ ಮಾಡುತ್ತೇವೆ. ಆದರೆ ಆಚಾರ್ಯರು ಅವನನ್ನು ಹಾಸ್ಯ ಮಾಡಲಿಲ್ಲ. ಕಲಶ ನಿಜವಾಗಿಯೂ ಅಳಿದಿದೆ. ಅವನ ದುಃಖಕ್ಕೆ ಆಧಾರವಿದೆ. ಕಿರೀಟಕ್ಕಾಗಿ ಹಿಗ್ಗುವವನ ಸಂತೋಷಕ್ಕೂ ಆಧಾರವಿದೆ. ನಾಯಕನಾದವನು ಮೂರನೆಯವನಾಗಬೇಕೆಂದು ಹೇಳುವುದು ಸುಲಭ. ಆದರೆ ಒಂದು ಸಂಸ್ಥೆಯಲ್ಲಿ ಚಿನ್ನ ಯಾವುದು, ಆಕಾರ ಯಾವುದು ಎಂದು ಗುರುತಿಸುವುದು ಅಷ್ಟು ಸುಲಭವಲ್ಲ. ಅಕ್ಕಸಾಲಿಗನ ಮುಂದೆ ಚಿನ್ನ ಹೊಳೆಯುತ್ತಿರುತ್ತದೆ. ಸಂಸ್ಥೆಯ ಚಿನ್ನವಾದರೋ ಬಹಳ ಕಾಲ ಒಂದೇ ಆಕಾರದಲ್ಲಿದ್ದುದರಿಂದ, ಆಕಾರವನ್ನೇ ನಾವು ಚಿನ್ನವೆಂದು ಭಾವಿಸಿರುತ್ತೇವೆ. ಮೂಡಬಿದಿರೆಯ ಪ್ರಸಂಗದ ತಿರುಳು ಇದೇ ಆಗಿದೆ.

ಬರಹವೇ ಒಂದು ಬದಲಾವಣೆ

ಷಟ್ಖಂಡಾಗಮದ ಹುಟ್ಟನ್ನು ವೀರಸೇನಾಚಾರ್ಯರು ಧವಲಾ ಟೀಕೆಯ ಆರಂಭದಲ್ಲಿ ವಿವರಿಸಿದ್ದಾರೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ, ತಮ್ಮೊಡನೆಯೇ ಶ್ರುತಜ್ಞಾನವು ನಷ್ಟವಾದೀತೆಂಬ ಚಿಂತೆ ಉಂಟಾಯಿತು. ಅವರು ದಕ್ಷಿಣಾಪಥದ ಆಚಾರ್ಯರಿಗೆ ಪತ್ರವನ್ನು ಕಳುಹಿಸಿದರು. ಅಲ್ಲಿಂದ ಇಬ್ಬರು ಮುನಿಗಳು ಬಂದರು. ಗುರುಗಳು ಅವರನ್ನು ಪರೀಕ್ಷಿಸಲು ಎರಡು ಮಂತ್ರಗಳನ್ನು ಕೊಟ್ಟರು. ಒಂದರಲ್ಲಿ ಒಂದು ಅಕ್ಷರ ಹೆಚ್ಚಾಗಿತ್ತು, ಮತ್ತೊಂದರಲ್ಲಿ ಕಡಿಮೆಯಾಗಿತ್ತು. ಸಾಧನೆ ಮಾಡಿದಾಗ ವಿರೂಪವಾದ ದೇವತೆಗಳು ಕಾಣಿಸಿಕೊಂಡವು. ಶಿಷ್ಯರು ಮಂತ್ರದಲ್ಲೇ ದೋಷವಿದೆಯೆಂದು ತಿಳಿದು, ಅಕ್ಷರಗಳನ್ನು ತಿದ್ದಿ, ಮರಳಿ ಸಾಧನೆ ಮಾಡಿ, ನಡೆದುದನ್ನು ಗುರುಗಳಿಗೆ ಅರಿಕೆ ಮಾಡಿದರು. ಅನಂತರವೇ ಅವರಿಗೆ ಪಾಠ ದೊರೆಯಿತು. ಇವರೇ ಪುಷ್ಪದಂತರು ಮತ್ತು ಭೂತಬಲಿಗಳು.

ಈ ಕಥೆಯನ್ನು ನಾವು ಮಕ್ಕಳಿಗೆ ಮಂತ್ರಮಹಿಮೆಯ ಕಥೆಯೆಂದು ಹೇಳುತ್ತೇವೆ. ಆದರೆ ಆಚಾರ್ಯರು ಪರೀಕ್ಷಿಸಿದ ಗುಣ ಯಾವುದೆಂಬುದನ್ನು ಯೋಚಿಸಬೇಕು. ಗುರು ಕೊಟ್ಟದ್ದನ್ನು ಕಣ್ಣುಮುಚ್ಚಿ ಪಠಿಸುವವನು ಅವರಿಗೆ ಬೇಕಾಗಿರಲಿಲ್ಲ. ಗುರು ಕೊಟ್ಟದ್ದನ್ನು ತಿರಸ್ಕರಿಸಿ ಹೊರಟುಹೋಗುವವನೂ ಬೇಕಾಗಿರಲಿಲ್ಲ. ಕೊಟ್ಟದ್ದರಲ್ಲಿ ದೋಷವಿದ್ದರೆ ಅದನ್ನು ಕಂಡುಹಿಡಿದು, ಶಾಸ್ತ್ರಬದ್ಧವಾಗಿ ತಿದ್ದಿ, ತಿದ್ದಿದೆನೆಂದು ಗುರುವಿನ ಎದುರಿಗೇ ವಿನಯದಿಂದ ಹೇಳಬಲ್ಲವನು ಬೇಕಾಗಿದ್ದನು. ಪರಂಪರೆಯನ್ನು ಯಾರ ಕೈಗೆ ಒಪ್ಪಿಸಬೇಕೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಪರೀಕ್ಷೆಯನ್ನು ನಾನು ಕಾಣೆ.

ಮುಂದೆ ಪುಷ್ಪದಂತರು ವನವಾಸಿ ದೇಶದಲ್ಲಿ, ಅಂದರೆ ನಮ್ಮ ಬನವಾಸಿಯ ಪ್ರಾಂತದಲ್ಲಿ, ಮೊದಲ 177 ಸೂತ್ರಗಳನ್ನು ರಚಿಸಿ ಭೂತಬಲಿಗಳಿಗೆ ಕಳುಹಿಸಿದರು. ಭೂತಬಲಿಗಳು ಉಳಿದುದನ್ನು ಪೂರೈಸಿದರು. ಕಿವಿಯಿಂದ ಕಿವಿಗೆ ಸಾಗಿಬಂದ ಜ್ಞಾನ ಗ್ರಂಥಾರೂಢವಾಯಿತು. ಆ ದಿನವನ್ನು ನಾವು ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿಯೆಂದು ಆಚರಿಸುತ್ತೇವೆ. ಇದರ ಅರ್ಥವೇನು? ನಾವು ಅತ್ಯಂತ ಪ್ರಾಚೀನವೆಂದು ಪೂಜಿಸುವ ಗ್ರಂಥವೇ ಒಂದು ದೊಡ್ಡ ಬದಲಾವಣೆಯ ಫಲವಾಗಿದೆ. ಶ್ರುತವು ಚಿನ್ನ; ಕಂಠಸ್ಥ ಪಾಠವು ಕಲಶ; ತಾಳೆಗರಿಯ ಬರಹವು ಕಿರೀಟ. ಕಲಶ ಒಡೆದೀತೆಂಬ ಭಯದಿಂದ ಹಿರಿಯರೇ ಮುಂದೆ ನಿಂತು ಕಿರೀಟವನ್ನು ಮಾಡಿಸಿದರು.

ಕಾವಲಿನ ಪುಣ್ಯವೂ ಕಾವಲಿನ ದೋಷವೂ

ಷಟ್ಖಂಡಾಗಮಕ್ಕೆ ವೀರಸೇನರು ಬರೆದ ಧವಲಾ ಟೀಕೆ 72,000 ಶ್ಲೋಕಗಳ ಪ್ರಮಾಣದ್ದು. ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ಅವರು ಆರಂಭಿಸಿ, ಶಿಷ್ಯರಾದ ಜಿನಸೇನರು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ ಪೂರೈಸಿದ ಜಯಧವಲಾ 60,000 ಶ್ಲೋಕಗಳ ಪ್ರಮಾಣದ್ದು. ಭೂತಬಲಿಗಳ ಮಹಾಬಂಧ ಮಹಾಧವಲವೆಂದು ಪ್ರಸಿದ್ಧವಾಗಿದೆ. ಈ ಮೂರೂ ಸಿದ್ಧಾಂತಗ್ರಂಥಗಳ ಪ್ರಾಚೀನ ತಾಳೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಗುರುಬಸದಿಯೊಂದರಲ್ಲೇ ಉಳಿದುಬಂದವು. ಆ ಬಸದಿಗೆ ಸಿದ್ಧಾಂತಬಸದಿಯೆಂಬ ಹೆಸರು ಬಂದುದೂ ಇದರಿಂದಲೇ. ಅರಸೊತ್ತಿಗೆಗಳು ಬಂದವು, ಹೋದವು. ಕರಾವಳಿಯ ಮಳೆ, ತೇವ, ಗೆದ್ದಲುಗಳ ನಡುವೆ ಶತಮಾನಗಳ ಕಾಲ ಈ ಗರಿಗಳನ್ನು ಉಳಿಸಿದವರು ಆ ಕ್ಷೇತ್ರದ ಭಟ್ಟಾರಕರು, ಪಂಚರು, ಇಂದ್ರರು. ಅವರ ಕಾವಲು ಇಲ್ಲದಿದ್ದರೆ ಇಂದು ನಮ್ಮಲ್ಲಿ ಈ ಗ್ರಂಥಗಳ ಹೆಸರುಗಳು ಮಾತ್ರ ಇರುತ್ತಿದ್ದವು. ಇದನ್ನು ಮೊದಲು ಕೃತಜ್ಞತೆಯಿಂದ ನೆನೆದು ಮುಂದಿನ ಮಾತನ್ನು ಆಡಬೇಕು.

ಕಾಲಕ್ರಮದಲ್ಲಿ ಈ ಗ್ರಂಥಗಳು ಅಧ್ಯಯನದ ವಸ್ತುವಾಗಿ ಉಳಿಯದೆ ದರ್ಶನದ ವಸ್ತುವಾದವು. ಯಾತ್ರಿಕರು ಬಂದು ರತ್ನಬಿಂಬಗಳ ಜೊತೆಗೆ ಸಿದ್ಧಾಂತದ ದರ್ಶನವನ್ನೂ ಮಾಡಿ, ಕೈಮುಗಿದು ಹಿಂದಿರುಗುತ್ತಿದ್ದರು. ಓದಬಲ್ಲವರು ಅಪರೂಪವಾದರು. ಸಿದ್ಧಾಂತಗ್ರಂಥಗಳನ್ನು ಓದಲು ಗೃಹಸ್ಥರಿಗೆ ಅಧಿಕಾರವಿಲ್ಲವೆಂಬ ಭಾವನೆಯೂ ಬೇರೂರಿತ್ತು. ಹೊರಗೆ ಹೋದರೆ ಗರಿಗಳು ಮುರಿದಾವು, ಅಯೋಗ್ಯರ ಕೈಗೆ ಸಿಕ್ಕಾವು ಎಂಬ ಭಯವಿತ್ತು. ಇವೆಲ್ಲ ದುಷ್ಟಬುದ್ಧಿಯ ಕಾರಣಗಳಲ್ಲ. ಭಕ್ತಿಯಿಂದಲೇ ಹುಟ್ಟಿದ ಕಾರಣಗಳು. ಆದರೆ ಧರಸೇನರ ಚಿಂತೆ ‘ಜ್ಞಾನ ನಷ್ಟವಾದೀತು’ ಎಂಬುದಾಗಿತ್ತು. ಕಾವಲುಗಾರರ ಚಿಂತೆ ‘ಗ್ರಂಥ ನಷ್ಟವಾದೀತು’ ಎಂಬುದಾಗಿತ್ತು. ಈ ಎರಡು ಚಿಂತೆಗಳ ನಡುವಣ ಅಂತರದಲ್ಲಿ ಚಿನ್ನ ಮರೆಯಾಗಿ ಆಕಾರ ಮಾತ್ರ ಉಳಿಯಿತು.

ಕ್ರಿ.ಶ. 1883ರ ಸುಮಾರಿಗೆ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆಂದು ಮೂಡಬಿದಿರೆಗೆ ಬಂದು ಸಿದ್ಧಾಂತದ ದರ್ಶನ ಪಡೆದರು. ಅವರ ದೃಷ್ಟಿ ಗರಿಗಳ ಜೀರ್ಣಾವಸ್ಥೆಯ ಮೇಲೆ ಬಿತ್ತು. ಈ ವಿಷಯವನ್ನು ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಹೀರಾಚಂದರೂ ಬಂದು ನೋಡಿದರು. ಪ್ರತಿ ಮಾಡಿಸಲು ಕ್ಷೇತ್ರದವರ ಒಪ್ಪಿಗೆ ಪಡೆಯಲು, ಹಣ ಕೂಡಿಸಲು, ಹಳೆಯ ಲಿಪಿಯನ್ನು ಓದಬಲ್ಲ ವಿದ್ವಾಂಸರನ್ನು ಹುಡುಕಲು ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1896ರ ಸುಮಾರಿಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಪ್ರತಿಲಿಪಿಯ ಕಾರ್ಯವನ್ನು ಆರಂಭಿಸಿದರು. ಶಾಸ್ತ್ರಿಗಳು ನಡುವೆಯೇ ಕಾಲವಶರಾದರು. ಕೆಲಸ ಮುಂದುವರಿಯಿತು. ಮೂರೂ ಗ್ರಂಥಗಳ ಕನ್ನಡ ಮತ್ತು ನಾಗರಿ ಪ್ರತಿಗಳು ಸಿದ್ಧವಾಗುವ ಹೊತ್ತಿಗೆ 1922ನೆಯ ಇಸವಿ ಬಂದಿತ್ತು. ಇಪ್ಪತ್ತಾರು ವರ್ಷಗಳು! ಇಷ್ಟಾದರೂ ಆ ಪ್ರತಿಗಳು ಮೂಡಬಿದಿರೆಯನ್ನು ಬಿಟ್ಟು ಹೊರಗೆ ಹೋಗುವಂತಿರಲಿಲ್ಲ. ಒಂದು ಪೆಟ್ಟಿಗೆಯಲ್ಲಿದ್ದುದು ಎರಡು ಪೆಟ್ಟಿಗೆಗಳಲ್ಲಿ ಉಳಿಯಿತು.

ಈ ನಡುವೆ ಇನ್ನೊಂದು ಘಟನೆ ನಡೆದಿತ್ತು. ಗಜಪತಿ ಉಪಾಧ್ಯಾಯರು ಹಗಲು ಬಸದಿಗಾಗಿ ಪ್ರತಿ ಮಾಡುತ್ತ, ಮನೆಯಲ್ಲಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯ ಮತ್ತೊಂದು ಪ್ರತಿಯನ್ನು ಸಿದ್ಧಪಡಿಸಿದ್ದರು. ಅದನ್ನು ತೆಗೆದುಕೊಂಡು ಹೀರಾಚಂದರಲ್ಲಿಗೂ ಮಾಣಿಕಚಂದರಲ್ಲಿಗೂ ಹೋದರು. ಈ ಗ್ರಂಥಗಳಿಗಾಗಿ ಅಷ್ಟು ವರ್ಷ ಹಂಬಲಿಸಿ ಹಣ ವೆಚ್ಚ ಮಾಡಿದ ಆ ಇಬ್ಬರೂ ಅದನ್ನು ಕೊಳ್ಳಲು ಒಪ್ಪಲಿಲ್ಲ. ಕೊಟ್ಟ ಮಾತಿಗೆ ವಿರುದ್ಧವಾಗಿ ಬಂದ ಪ್ರತಿಯನ್ನು ಸ್ವೀಕರಿಸುವುದು ನೀತಿಯಲ್ಲವೆಂದು ಅವರಿಗೆ ತೋರಿತು. ಕಡೆಗೆ ಆ ಪ್ರತಿ ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರ ಮಂದಿರವನ್ನು ಸೇರಿತು. ಅಲ್ಲಿ ಕನ್ನಡದಿಂದ ನಾಗರಿಗೆ ಪ್ರತಿಯಾಯಿತು. ಹಾಗೆ ಪ್ರತಿ ಮಾಡಲು ನೇಮಿತರಾದ ಸೀತಾರಾಮ ಶಾಸ್ತ್ರಿಗಳೂ ತಮಗೊಂದು ಪ್ರತಿಯನ್ನು ಇರಿಸಿಕೊಂಡರು. ಅದರಿಂದ ಮತ್ತೆ ಪ್ರತಿಗಳಾಗಿ ಆರಾ, ಕಾರಂಜಾ ಮೊದಲಾದ ಊರುಗಳ ಭಂಡಾರಗಳಿಗೆ ಹಬ್ಬಿದವು. ಈ ಪ್ರತಿಗಳ ಆಧಾರದ ಮೇಲೆಯೇ ಅಮರಾವತಿಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ ಜೈನರು ವಿದ್ವಾಂಸರ ತಂಡವನ್ನು ಕಟ್ಟಿಕೊಂಡು ಧವಲಾ ಟೀಕೆಯ ಮೊದಲ ಸಂಪುಟವನ್ನು 1939ರಲ್ಲಿ ಪ್ರಕಟಿಸಿದರು. ನಮ್ಮ ಬೆಳಗಾವಿ ಜಿಲ್ಲೆಯ ಸದಲಗಿಯವರಾದ ಡಾ. ಆ. ನೇ. ಉಪಾಧ್ಯೆಯವರು ಈ ಕಾರ್ಯದಲ್ಲಿ ಅವರಿಗೆ ನೆರವಾದರು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಹದಿನಾರು ಸಂಪುಟಗಳು ಪೂರ್ಣಗೊಂಡವು.

ಇಬ್ಬರ ಮೇಲೂ ಬರುವ ಆರೋಪ

ಇಲ್ಲಿ ಧರ್ಮಸೂಕ್ಷ್ಮವಾದ ಪ್ರಶ್ನೆ ಎದುರಾಗುತ್ತದೆ. ಕಳ್ಳಪ್ರತಿಯಿಂದ ಶ್ರುತಕ್ಕೆ ಉಪಕಾರವಾಯಿತು. ಹಾಗಾದರೆ ಆ ಕೃತ್ಯವನ್ನು ಒಳ್ಳೆಯದೆನ್ನೋಣವೆ?

ತತ್ತ್ವಾರ್ಥಸೂತ್ರವನ್ನೇ ಪ್ರಮಾಣವಾಗಿ ಇರಿಸಿಕೊಂಡು ನೋಡಿದರೆ, ಅದು ಯಾರನ್ನೂ ಸುಲಭವಾಗಿ ಬಿಡುವುದಿಲ್ಲ. ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಅತಿಚಾರಗಳನ್ನು ಹೇಳುವಾಗ, ಕಳವಿಗೆ ಪ್ರೇರೇಪಿಸುವುದನ್ನೂ ಕಳವಿನಿಂದ ಬಂದುದನ್ನು ಸ್ವೀಕರಿಸುವುದನ್ನೂ ಸೇರಿಸಿದೆ. ‘ತದಾಹೃತಾದಾನ’ ಎಂಬ ಈ ಎರಡನೆಯ ಅತಿಚಾರದಿಂದಲೇ ಸೇಠ್ ಹೀರಾಚಂದ ಮತ್ತು ಮಾಣಿಕಚಂದರು ದೂರ ಉಳಿದರು. ಉದ್ದೇಶವು ಪವಿತ್ರವಾಗಿದ್ದ ಮಾತ್ರಕ್ಕೆ ದೋಷ ಕಳೆಯುವುದೆಂದು ಸೂತ್ರ ಎಲ್ಲಿಯೂ ಹೇಳಿಲ್ಲ.

ಅದೇ ಗ್ರಂಥದ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಅಲ್ಲಿ ಎಣಿಸಿದೆ. ತಿಳಿದುದನ್ನು ಮರೆಮಾಡುವ ನಿಹ್ನವ, ಯೋಗ್ಯನಿಗೂ ಕೊಡದಿರುವ ಮಾತ್ಸರ್ಯ, ಜ್ಞಾನಸಾಧನಗಳಿಗೆ ಅಡ್ಡಿಯಾಗುವ ಅಂತರಾಯ ಇವುಗಳೂ ಆ ಪಟ್ಟಿಯಲ್ಲಿವೆ. ಕದ್ದವನ ಮೇಲೆ ಏಳನೆಯ ಅಧ್ಯಾಯ ಆರೋಪ ಹೊರಿಸಿದರೆ, ಮುಚ್ಚಿಟ್ಟವನ ಮೇಲೆ ಆರನೆಯ ಅಧ್ಯಾಯ ಆರೋಪ ಹೊರಿಸುತ್ತದೆ. ಒಂದು ದೋಷವನ್ನು ತೋರಿಸಿ ಮತ್ತೊಂದನ್ನು ಸಮರ್ಥಿಸುವಂತಿಲ್ಲ.

ಉಪಾಧ್ಯಾಯ ದಂಪತಿಗಳ ಮನಸ್ಸಿನಲ್ಲಿ ಶ್ರುತಭಕ್ತಿ ಎಷ್ಟಿತ್ತು, ಧನಾಪೇಕ್ಷೆ ಎಷ್ಟಿತ್ತು ಎಂದು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಆದರೆ ಒಂದು ಮಾತು ಸ್ಪಷ್ಟವಾಗಿದೆ. ನೇರವಾದ ಬಾಗಿಲು ಬಹುಕಾಲ ಮುಚ್ಚಿರುವ ಸಂಸ್ಥೆಯಲ್ಲಿ ಜನರು ಎರಡು ವ್ರತಗಳ ನಡುವೆ ಸಿಲುಕುತ್ತಾರೆ. ಕೊಟ್ಟ ಮಾತನ್ನು ಉಳಿಸಿದರೆ ಜ್ಞಾನಕ್ಕೆ ಅಂತರಾಯ. ಜ್ಞಾನವನ್ನು ಹರಡಿದರೆ ಮಾತಿಗೆ ಭಂಗ. ಹೀರಾಚಂದರಂಥ ದೃಢಚಿತ್ತರು ಮೊದಲನೆಯದನ್ನು ಆರಿಸಿಕೊಂಡು, ತಮ್ಮ ಜೀವಮಾನದ ಆಸೆಯನ್ನು ತ್ಯಜಿಸುತ್ತಾರೆ. ಉಳಿದವರು ಹಿತ್ತಲ ಬಾಗಿಲನ್ನು ಹುಡುಕುತ್ತಾರೆ. ತನ್ನ ಆಶ್ರಯದಲ್ಲಿರುವ ಜನರನ್ನು ಇಂಥ ಇಕ್ಕಟ್ಟಿಗೆ ದೂಡದಿರುವುದು ನಾಯಕನ ಮೊದಲ ಧರ್ಮವೆಂದು ನನಗೆ ತೋರುತ್ತದೆ. ಸಕಾಲದಲ್ಲಿ ಬಾಗಿಲು ತೆರೆಯದವನು ಗೋಡೆ ಕೊರೆದವನ ದೋಷದಲ್ಲಿ ಪಾಲುದಾರನಾಗುತ್ತಾನೆ. ಕೊರೆದವನ ದೋಷ ಇದರಿಂದ ಕಡಿಮೆಯಾಗುವುದಿಲ್ಲ.

ಬಾಗಿಲು ತೆರೆದ ಬಗೆ

ಈ ಪ್ರಸಂಗ ಕಲಹದಲ್ಲಿ ಕೊನೆಗೊಳ್ಳದಿರುವುದು ನಮ್ಮ ಸಮಾಜದ ಭಾಗ್ಯ. ಮೊದಲ ಸಂಪುಟಗಳು ಹೊರಬಂದ ಮೇಲೆ ಮೂಡಬಿದಿರೆಯ ಭಟ್ಟಾರಕರೂ ಪಂಚರೂ ಬೇರೊಂದು ಮಾರ್ಗವನ್ನು ಹಿಡಿಯಬಹುದಾಗಿತ್ತು. ತಮ್ಮನ್ನು ವಂಚಿಸಿ ಹೊರಹೋದ ಪ್ರತಿಯಿಂದ ಅಚ್ಚಾದ ಗ್ರಂಥವನ್ನು ಅವರು ಬಹಿಷ್ಕರಿಸಿದ್ದರೆ ಆಶ್ಚರ್ಯಪಡಬೇಕಾಗಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಸಂಪಾದಕರ ಶ್ರದ್ಧೆಯನ್ನೂ ಪರಿಶ್ರಮವನ್ನೂ ಕಂಡು, ಮೂಲ ತಾಳೆಗರಿಗಳೊಡನೆ ಪಾಠಗಳನ್ನು ಹೋಲಿಸಲು ಅನುಮತಿ ನೀಡಿದರು. ಮೂಡಬಿದಿರೆಯ ಲೋಕನಾಥ ಶಾಸ್ತ್ರಿಗಳು ಈ ಹೋಲಿಕೆಯ ಕಾರ್ಯದಲ್ಲಿ ನೆರವಾದರು. ಹಿಂದೆ ಬಸದಿಯ ಪ್ರತಿಲಿಪಿ ಕಾರ್ಯದ ಕೊನೆಯ ವರ್ಷಗಳಲ್ಲಿ ಮಹಾಧವಲವನ್ನು ನಾಗರಿಗೆ ಇಳಿಸಿದವರೂ ಅವರೇ. ಆ ಇಪ್ಪತ್ತಾರು ವರ್ಷಗಳ ನಿಧಾನವಾದ, ನೇರವಾದ ಕೆಲಸ ವ್ಯರ್ಥವಾಯಿತೆಂದು ಯಾರಾದರೂ ಭಾವಿಸಿದ್ದರೆ, ಅದು ತಪ್ಪೆಂದು ಈಗ ತಿಳಿಯಿತು. ಹಳೆಯ ಗರಿಗಳನ್ನು ಓದಬಲ್ಲ ಕಣ್ಣುಗಳನ್ನು ಅದೇ ಕೆಲಸ ಕ್ಷೇತ್ರದೊಳಗೇ ಸಿದ್ಧಪಡಿಸಿತ್ತು. ಮುಂದೆ ಮಹಾಬಂಧವೂ 1947ರಿಂದ ಭಾರತೀಯ ಜ್ಞಾನಪೀಠದ ಮೂಲಕ ಬೆಳಕು ಕಂಡಿತು.

ಮೂಲದೊಡನೆ ಹೋಲಿಸಿದಾಗ ಪ್ರತಿಯಿಂದ ಪ್ರತಿಗೆ ಸಾಗುವಾಗ ಬಿಟ್ಟುಹೋದ ಪದಗಳೂ ವಾಕ್ಯಗಳೂ ದೊರೆತವು. ಜೀವಸ್ಥಾನದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದವಿರಬೇಕೆಂದು ಸಂಪಾದಕರು ಅರ್ಥಸಂಗತಿಯಿಂದ ಊಹಿಸಿದ್ದರು. ಅವರ ಮುಂದಿದ್ದ ಪ್ರತಿಗಳಲ್ಲಿ ಅದು ಇರಲಿಲ್ಲ. ಆ ಒಂದು ಪದಕ್ಕಾಗಿ ವಿದ್ವಾಂಸರಲ್ಲಿ ತೀವ್ರವಾದ ವಿವಾದ ನಡೆಯಿತು. ಮೂಡಬಿದಿರೆಯ ತಾಳೆಗರಿಯಲ್ಲಿ ಆ ಪದ ದೊರೆಯಿತು. ಆ ಸೂತ್ರದ ತಾತ್ತ್ವಿಕ ಚರ್ಚೆಗೆ ನಾನಿಲ್ಲಿ ಕೈಹಾಕುವುದಿಲ್ಲ. ಹೇಳಬೇಕಾದುದಿಷ್ಟೆ: ಕದ್ದ ಪ್ರತಿಯಿಂದ ಗ್ರಂಥ ಲೋಕಕ್ಕೆ ತಿಳಿಯಿತು, ಆದರೆ ಪಾಠ ಸಂದೇಹಕ್ಕೆ ಬಂದಾಗ ಸಾಕ್ಷಿ ನುಡಿಯಲು ಕಾವಲಿನಲ್ಲಿದ್ದ ಮೂಲವೇ ಬೇಕಾಯಿತು. ಹರಡುವವನಿಗೆ ಕಾಯುವವನು ಬೇಕು. ಕಾಯುವವನ ಶ್ರಮಕ್ಕೆ ಹರಡುವವನಿಂದ ಸಾರ್ಥಕತೆ. ಕಲಶಕ್ಕಾಗಿ ದುಃಖಿಸಿದವನೂ ಕಿರೀಟಕ್ಕಾಗಿ ಹಿಗ್ಗಿದವನೂ ಒಂದೇ ಚಿನ್ನದ ಸೇವಕರೆಂಬುದು ಆ ದಿನ ಪ್ರತ್ಯಕ್ಷವಾಯಿತು.

ಇದರಿಂದ ಸಂಸ್ಥೆಯ ಸಂಸ್ಕೃತಿಯ ಬಗ್ಗೆ ಏನು ತಿಳಿಯುತ್ತದೆ? ಬದಲಾವಣೆ ಬರೆದ ಠರಾವಿನಿಂದ ಬರುವುದಿಲ್ಲ. ಸೊಲ್ಲಾಪುರದ ಸೇಠರು ಹಣದ ಬಲದಿಂದ ಕ್ಷೇತ್ರದವರನ್ನು ಮಣಿಸಲು ಯತ್ನಿಸಲಿಲ್ಲ. ಕ್ಷೇತ್ರದೊಳಗೇ ಕುಳಿತು, ಕ್ಷೇತ್ರದ ನಿಯಮಕ್ಕೆ ಒಳಪಟ್ಟು ಕೆಲಸ ಮಾಡಿಸಿದರು. ಅಕ್ರಮವಾದ ಪ್ರತಿಯನ್ನು ನಿರಾಕರಿಸಿದರು. ಹೊರಗಿನವರು ತಮ್ಮ ಗೌರವಕ್ಕೆ ಚ್ಯುತಿ ತರುವುದಿಲ್ಲವೆಂಬ ನಂಬಿಕೆ ಹುಟ್ಟದೆ ಕಾವಲುಗಾರನ ಮುಷ್ಟಿ ಸಡಿಲವಾಗದು. ಆದರೆ ಇದರ ಇನ್ನೊಂದು ಮುಖವನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಹೊರಗೆ ಗ್ರಂಥ ಅಚ್ಚಾಗದಿದ್ದರೆ ಒಳಗಿನ ಬಾಗಿಲು ಅಷ್ಟು ಬೇಗ ತೆರೆಯುತ್ತಿತ್ತೆಂದು ಹೇಳಲಾಗದು. ನಂಬಿಕೆಯೊಂದೇ ಸಾಕಾಗಲಿಲ್ಲ, ಒತ್ತಡವೂ ಬೇಕಾಯಿತು. ಒತ್ತಡ ಬರುವವರೆಗೆ ಕಾಯುವ ಸಂಸ್ಥೆ, ಆ ಒತ್ತಡ ಯಾವ ದಾರಿಯಿಂದ ಬರಬೇಕೆಂಬುದನ್ನು ನಿರ್ಧರಿಸುವ ಅಧಿಕಾರವನ್ನು ಕಳೆದುಕೊಂಡಿರುತ್ತದೆ.

ನನ್ನದೊಂದು ಒಪ್ಪಿಗೆ

ಈ ಮಾತುಗಳನ್ನು ಪರೋಪದೇಶವಾಗಿ ಬರೆಯುವ ಅರ್ಹತೆ ನನಗಿಲ್ಲ. ಹಲವು ವರ್ಷಗಳ ಹಿಂದೆ ನಾನು ಒಂದು ಬಸದಿಯ ಸಮಿತಿಯ ಸದಸ್ಯನಾಗಿದ್ದೆ. ಊರಿನ ಹೆಸರು ಇಲ್ಲಿ ಅಪ್ರಸ್ತುತ. ಅಲ್ಲಿನ ಮರದ ಕಪಾಟಿನಲ್ಲಿ ಕೆಲವು ತಾಳೆಗರಿಯ ಕಟ್ಟುಗಳೂ ಕಡತಗಳೂ ಇದ್ದವು. ಆ ಊರಿನ ತರುಣನೊಬ್ಬ, ಅವುಗಳನ್ನು ಶುಚಿಗೊಳಿಸಿ ಒಂದೊಂದು ಗರಿಯ ಛಾಯಾಚಿತ್ರ ತೆಗೆಯುವೆನೆಂದೂ, ಅದಕ್ಕಾಗಿ ಸಮಿತಿಯಿಂದ ಹಣವೇನೂ ಬೇಡವೆಂದೂ ಬರೆದುಕೊಟ್ಟನು. ಸಭೆಯಲ್ಲಿ ಎರಡು ಗಂಟೆ ಚರ್ಚೆಯಾಯಿತು. ಚಿತ್ರಗಳ ಸ್ವಾಮ್ಯ ಯಾರದು, ಹೊರಗೆ ಹೋದರೆ ಯಾರು ಹೊಣೆ, ಶುದ್ಧಾಚಾರದ ಪ್ರಶ್ನೆ ಏನು ಎಂದೆಲ್ಲ ಕೇಳಿದವರಲ್ಲಿ ನಾನೂ ಒಬ್ಬ. ‘ಹಿರಿಯರೊಡನೆ ಇನ್ನೊಮ್ಮೆ ಸಮಾಲೋಚಿಸಿ ನಿರ್ಧರಿಸುವುದು’ ಎಂಬ ಠರಾವಿನ ವಾಕ್ಯವನ್ನು ಬರೆದವನೇ ನಾನು.

ನಾನು ಮುಂದಿಟ್ಟ ಕಾರಣಗಳು ಸುಳ್ಳಾಗಿರಲಿಲ್ಲ. ಆದರೆ ಅವು ನನ್ನ ನಿಜವಾದ ಕಾರಣಗಳಾಗಿರಲಿಲ್ಲ. ಆ ಕಪಾಟನ್ನು ನಾವು ಯಾರೂ ವರ್ಷಗಳಿಂದ ತೆರೆದಿರಲಿಲ್ಲವೆಂಬುದು ಆ ತರುಣನಿಗೆ ತಿಳಿಯುವುದೆಂಬ ಸಂಕೋಚವೇ ನನ್ನನ್ನು ತಡೆದಿತ್ತು. ಕೆಲವು ವರ್ಷಗಳ ಮೇಲೆ ಮಾಡು ಸೋರಿ ಕಪಾಟನ್ನು ಸರಿಸಬೇಕಾಗಿ ಬಂದಾಗ, ಎರಡು ಕಟ್ಟುಗಳು ತೇವದಿಂದ ಹಲಗೆಯಂತೆ ಅಂಟಿಕೊಂಡಿದ್ದವು. ಮತ್ತೊಂದು ಕಟ್ಟು ಹುಳು ತಿಂದು ಕೈ ಮುಟ್ಟಿದಲ್ಲೆಲ್ಲ ಪುಡಿಯಾಯಿತು. ಅವು ಯಾವ ಗ್ರಂಥಗಳೆಂಬುದು ಈಗ ಯಾರಿಗೂ ತಿಳಿಯದು. ಎಲ್ಲಿಯೂ ಇಲ್ಲದ ಗ್ರಂಥವಾಗಿರಬಹುದು. ಎಲ್ಲ ಕಡೆ ಇರುವ ಪೂಜಾವಿಧಿಯೂ ಆಗಿರಬಹುದು. ಆ ತರುಣ ನನಗೆ ಒಂದು ಕಟುವಾದ ಮಾತನ್ನೂ ಆಡಲಿಲ್ಲ. ಆದರೆ ಅವನು ಆಮೇಲೆ ಬಸದಿಯ ಸಭೆಗಳಿಗೆ ಬರುವುದನ್ನು ನಿಲ್ಲಿಸಿದನು. ಗ್ರಂಥ ಹೋದುದಕ್ಕಿಂತ ಅವನು ಹೋದುದು ಹೆಚ್ಚಿನ ನಷ್ಟವೆಂದು ಈಗ ನನಗೆ ಅನಿಸುತ್ತದೆ. ತಿದ್ದಿದ ಮಂತ್ರವನ್ನು ಹಿಡಿದುಕೊಂಡು ವಿನಯದಿಂದ ಎದುರಿಗೆ ನಿಂತವನನ್ನು ನಾವು ಹೊರಗೆ ಕಳುಹಿಸಿದ್ದೆವು.

ಆದುದರಿಂದ ಹೊಣೆಯ ಸ್ಥಾನದಲ್ಲಿರುವ ಧರ್ಮಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ. ಬದಲಾವಣೆಯ ಪ್ರಸ್ತಾಪ ಬಂದಾಗ ‘ಇದು ಹಳೆಯದೋ ಹೊಸದೋ’ ಎಂದು ಕೇಳುವ ಮೊದಲು, ‘ನಮ್ಮ ಕೈಯಲ್ಲಿರುವ ಚಿನ್ನ ಯಾವುದು?’ ಎಂದು ಕೇಳೋಣ. ಪೂಜೆಯ ಭಾವಶುದ್ಧಿ, ದಾನಿಗಳ ವಿಶ್ವಾಸ, ಶ್ರುತದ ಪ್ರವಾಹ, ಅಹಿಂಸೆ ಇವು ಕರಗಿಸಬಾರದ ಲೋಹಗಳು. ಬೀಗದ ಕೈ ಯಾರಲ್ಲಿರಬೇಕು, ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆಯಬೇಕು, ಸಭೆಯಲ್ಲಿ ಯಾರು ಕುಳಿತುಕೊಳ್ಳಬೇಕು ಎಂಬಿವು ಆಕಾರಗಳು. ಆಕಾರ ಬದಲಾಗುವಾಗ ನೋಯುವವರ ನೋವನ್ನು ಕೇಳಬೇಕು; ಆದರೆ ಅವರ ನೋವನ್ನು ನಮ್ಮ ಆಲಸ್ಯಕ್ಕೆ ಮುಸುಕಾಗಿಸಬಾರದು. ಸಮ್ಯಕ್ತ್ವದ ಅಂಗಗಳಲ್ಲಿ ಉಪಗೂಹನವಿದೆ, ನಿಜ. ಅದು ದುರ್ಬಲನ ತಪ್ಪನ್ನು ಬೀದಿಗೆ ಎಳೆಯಬಾರದೆಂಬ ಕರುಣೆಯಾಗಿದೆ. ಅಧಿಕಾರದಲ್ಲಿರುವವನು ತನ್ನ ಅಲಕ್ಷ್ಯವನ್ನು ತಾನೇ ಮುಚ್ಚಿಕೊಳ್ಳುವುದಕ್ಕೆ ಆ ಹೆಸರು ಸಲ್ಲದು.

ಇನ್ನೊಂದು ಮಾತು. ವಿಷಯವನ್ನು ಮುಂದೂಡುವುದು ಕೆಲವೊಮ್ಮೆ ಅವಶ್ಯಕ. ಆಗ ಎಷ್ಟು ಕಾಲಕ್ಕೆ, ಯಾವ ಸಂದೇಹ ಪರಿಹಾರವಾಗುವವರೆಗೆ ಎಂಬುದನ್ನು ಬರೆದಿಡೋಣ. ಕಾಲಮಿತಿಯಿಲ್ಲದ ಮುಂದೂಡಿಕೆ ನಿರಾಕರಣೆಯೇ ಆಗಿದೆ. ನಿರಾಕರಣೆಗೆ ಇರಬೇಕಾದ ಧೈರ್ಯ ಮಾತ್ರ ಅದರಲ್ಲಿಲ್ಲ. ಸ್ಯಾದ್ವಾದವು ಪ್ರತಿಯೊಂದು ಮಾತಿಗೂ ಅಪೇಕ್ಷೆಯನ್ನು ಸ್ಪಷ್ಟಪಡಿಸಬೇಕೆಂದು ವಿಧಿಸುತ್ತದೆ. ನಿರ್ಣಯವನ್ನೇ ಮಾಡದಿರಲು ಅದು ಅನುಮತಿ ನೀಡುವುದಿಲ್ಲ.

ಪ್ರತಿ ವರ್ಷ ಶ್ರುತಪಂಚಮಿಯಂದು ನಾವು ಗ್ರಂಥಗಳನ್ನು ಪೀಠದ ಮೇಲಿರಿಸಿ ಅರ್ಘ್ಯವೆತ್ತುತ್ತೇವೆ. ಮುಂದಿನ ಶ್ರುತಪಂಚಮಿಗೆ, ಅರ್ಘ್ಯವೆತ್ತುವ ಮೊದಲು, ಪ್ರತಿಯೊಂದು ಬಸದಿಯ ಹೊಣೆಗಾರರೂ ತಮ್ಮ ವಶದಲ್ಲಿರುವ ಕಪಾಟನ್ನು ಒಮ್ಮೆ ತಾವೇ ತೆರೆದು ನೋಡಲಿ. ಒಳಗೆ ಏನಿದೆಯೆಂದು ಬರೆದಿಡಲಿ. ಬರೆಯುವಾಗ ಒಬ್ಬ ಕಿರಿಯನನ್ನಾದರೂ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಲಿ. ಅವನು ‘ಇಲ್ಲೊಂದು ಅಕ್ಷರ ತಪ್ಪಿದೆ’ ಎಂದು ಹೇಳಿದರೆ ಸಿಟ್ಟಾಗದೆ ಕೇಳಿಸಿಕೊಳ್ಳಲಿ.